ಮೊಳೆಗೆ ತೂಗುವ ಸ್ಟೀರಿಂಗು

"ಸ್ಪ್ಯಾನರ್ ಎಲ್ಲಿದೆ?" ಎಂದರು ಮಹಂತೇಶ್, ತಲೆ ಎತ್ತದೆ.

"ಯಾಕೆ ಅಂಕಲ್?"

"ಈ ಸ್ಟೀರಿಂಗ್ ಬಿಚ್ಚಬೇಕು."

ಹರಿಣಿ ಕಾರಿನ ಹತ್ತಿರ ಬಂದಳು. "ಅದಕ್ಕೆ ಸ್ಪ್ಯಾನರ್ ಯಾಕೆ? ಅಪ್ಪ ಕೈಯಲ್ಲೇ ತೆಗೀತಿದ್ರು. ದಿನಾ."

"ಅದೇ ನನಗೂ ಅರ್ಥವಾಗ್ತಿಲ್ಲ," ಎಂದು ಮಹಂತೇಶ್ ಮೊಣಕಾಲು ಹಿಡಿದುಕೊಂಡು ಎದ್ದರು. ಐವತ್ತೆಂಟು ವರ್ಷದ ಮೊಣಕಾಲು, ಫೆಬ್ರವರಿಯ ದೆಹಲಿ. ಎರಡೂ ಅವರಿಗೆ ಆಗಿಬರುತ್ತಿರಲಿಲ್ಲ.

ಲೋಧಿ ಕಾಲೋನಿಯ ಸರ್ಕಾರಿ ಮನೆಗಳ ಹಿಂದಿನ ಓಣಿಯಲ್ಲಿ ಒಂದು ತಗಡಿನ ಶೆಡ್ಡು. ಅದರೊಳಗೆ ಹಸಿರು ಬಣ್ಣದ, ಬಾಗಿಲಿಲ್ಲದ, ಛಾವಣಿಯಿಲ್ಲದ ಎರಡೇ ಸೀಟಿನ ಕಾರು. ಹಿಂದಿನ ದಿನವಷ್ಟೇ ಪೊಲೀಸರು ಟೆಂಪೋದಲ್ಲಿ ತಂದು ಇಳಿಸಿ ಹೋಗಿದ್ದರು. ಅದರ ಒಡೆಯ, ಹರಿಣಿಯ ಅಪ್ಪ ಮುರಳೀಧರ ಮಾತ್ರ ಸಂಕ್ರಾಂತಿಯ ಬೆಳಿಗ್ಗೆ ಅದನ್ನು ಓಡಿಸಿಕೊಂಡು ಹೋದವರು ಇಪ್ಪತ್ತನಾಲ್ಕು ದಿನವಾದರೂ ಬಂದಿರಲಿಲ್ಲ.

ಪೊಲೀಸರಿಗೆ ಅನುಮಾನವೇ ಇರಲಿಲ್ಲ. ದೆಹಲಿಯ ಅಂಚಿನ ಸೂರಜ್‌ಕುಂಡದ ಆಚೆ ಹಳೆಯ ಕಲ್ಲುಕ್ವಾರಿಯ ಹೊಂಡ. ಅದರ ದಡದಲ್ಲಿ ಅಚ್ಚುಕಟ್ಟಾಗಿ ಹೊದಿಕೆ ಹೊದಿಸಿದ ಕಾರು. ಹೆಂಡತಿ ಸತ್ತ, ಮಗಳು ಮನೆ ಬಿಟ್ಟುಹೋದ ಒಂಟಿ ಮನುಷ್ಯ. ಹೊಂಡ ತುಂಬ ಆಳ, ಹೆಣ ಸಿಗದಿದ್ದರೆ ಆಶ್ಚರ್ಯವಿಲ್ಲ ಎಂದಿದ್ದರು. ಶುಕ್ರವಾರ ಹರಿಣಿ ಠಾಣೆಗೆ ಬಂದು, ಅಪ್ಪ ಮನಸ್ಸಿಗೆ ಬೇಸರ ಮಾಡಿಕೊಂಡಿದ್ದರು ಎಂದು ಬರೆದ ಹೇಳಿಕೆಗೆ ಸಹಿ ಹಾಕಿದರೆ ಮುಗಿಯಿತು. ಆಮೇಲೆ ಮುರಳೀಧರರನ್ನು ಯಾರೂ ಹುಡುಕುವುದಿಲ್ಲ.

ಇವತ್ತು ಬುಧವಾರ.

ಸರ್ಕಾರಿ ನೌಕರನೊಬ್ಬ ಸ್ಪೋರ್ಟ್ಸ್ ಕಾರು ಕಟ್ಟಿದ ಎಂದರೆ ಯಾರಾದರೂ ನಕ್ಕಾರು. ಲೋಧಿ ಕಾಲೋನಿಯೂ ಒಂಬತ್ತು ವರ್ಷ ಹೊಟ್ಟೆ ತುಂಬ ನಕ್ಕಿತ್ತು. ಪುಣೆಯ ಕಡೆ ಒಂದು ಸಣ್ಣ ಕಾರ್ಖಾನೆ ಬಾಗಿಲು ಹಾಕುವಾಗ ಮಾರಿದ ಬಿಡಿಭಾಗಗಳ ಪೆಟ್ಟಿಗೆಗಳನ್ನು ಮುರಳೀಧರ ರೈಲಿನಲ್ಲಿ ತರಿಸಿದ್ದರು. ಕೊಳವೆಯ ಚೌಕಟ್ಟು, ಫೈಬರಿನ ಮೈ, ಗುಜರಿಯಿಂದ ತಂದ ಹಳೆಯ ಎಸ್ಟೀಮ್ ಕಾರಿನ ಎಂಜಿನ್. ಭಾರ ಕಡಿಮೆಯಾಗಬೇಕೆಂದು ಪೆಡಲ್‌ಗಳಿಗೂ ತೂತು ಕೊರೆದಿದ್ದರು. ಬ್ಯಾಟರಿ ತೆಗೆದು ಮೋಟರ್ ಸೈಕಲ್ಲಿನದು ಹಾಕಿದ್ದರು. ಒಂದೊಂದು ಭಾಗವನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಎಷ್ಟು ಗ್ರಾಂ ಉಳಿಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಕಾರು ಎಷ್ಟು ಹಗುರವೆಂದರೆ ಮಹಂತೇಶ್ ಒಂದೇ ಕೈಯಲ್ಲಿ ತಳ್ಳಿ ಬೆಳಕಿಗೆ ತಂದಿದ್ದರು.

ಎಡಗಡೆಯ ಸೀಟಿನ ಮೇಲೆ ಅಂಗಡಿಯ ಪ್ಲಾಸ್ಟಿಕ್ ಹಾಗೇ ಇತ್ತು.

"ಅದು ಅಮ್ಮನ ಸೀಟು," ಎಂದಳು ಹರಿಣಿ, ಅವರು ನೋಡಿದ್ದನ್ನು ಗಮನಿಸಿ. "ಗಾಡಿ ಸ್ಟಾರ್ಟ್ ಆಗೋ ಮೊದಲೇ ಅಮ್ಮ ಹೋಗಿಬಿಟ್ರು. ಆಮೇಲೆ ಅಪ್ಪನ ಮಾತು, ಬಾತ್‌ಚೀತ್ ಎಲ್ಲ ಈ ಗಾಡಿ ಜೊತೆಗೇ. ನಾನು ಗುರ್‌ಗಾಂವ್‌ಗೆ ಶಿಫ್ಟ್ ಆದೆ. ಸಂಕ್ರಾಂತಿ ದಿನ ಏಳೂವರೆಗೆ ಫೋನ್ ಮಾಡಿದ್ರು. ಸಂಡೇ ಅಲ್ವಾ, ನಿದ್ದೆ ಬರ್ತಿತ್ತು. ಎತ್ತಲಿಲ್ಲ."

ಈ ಮಾತನ್ನು ಅವಳು ಮಹಂತೇಶರಿಗೆ ಹೇಳುತ್ತಿರುವುದು ಐದನೆಯ ಸಲ. ಪ್ರತಿ ಸಲವೂ ಕೊನೆಯ ಮಾತಿಗೆ ಬಂದು ನಿಲ್ಲುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಒಂದೇ ಉತ್ತರ. ಫೋನ್ ಎತ್ತಿದ್ದರೆ ಅಪ್ಪ ಉಳಿಯುತ್ತಿದ್ದರೇ?

ಮಹಂತೇಶ್ ಸ್ಪ್ಯಾನರಿನಿಂದ ಮೂರು ನಟ್ಟು ಬಿಚ್ಚಿದರು. ಮೂವತ್ತು ವರ್ಷ ವಿಮೆ ಕಂಪನಿಗಾಗಿ ಅಪಘಾತದ ಗಾಡಿಗಳನ್ನು ನೋಡಿ ವರದಿ ಬರೆದ ಕೈ ಅದು. ಪತ್ತೇದಾರ ಎಂದು ಜನ ಕರೆಯತೊಡಗಿದ್ದು ನಿವೃತ್ತಿಯ ನಂತರ. ಅವರಿಗೆ ಆ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಅಪ್ಪನನ್ನು ಹುಡುಕಿಕೊಡಿ ಎಂದು ಹರಿಣಿ ಅವರ ಬಳಿ ಬಂದದ್ದೂ ಆ ಹೆಸರು ಕೇಳಿಯೇ.

"ಮನೆ ಬೀಗ ತೆಗಿ, ಮಗಳೇ. ಸ್ಟೀರಿಂಗ್ ತೂಗುಹಾಕ್ತಿದ್ದ ಆ ಮೊಳೆ ಇನ್ನೊಂದು ಸಲ ನೋಡಬೇಕು."

ಓಣಿ ಸುತ್ತಿ ಮುಂದೆ ಬಂದರೆ ನೆಲಮಹಡಿಯ ಮನೆ. ಹಜಾರದಲ್ಲಿ ಹರಿಣಿಯ ಅಮ್ಮ ಪದ್ಮಾರ ಫೋಟೋ, ಅದರ ಪಕ್ಕದಲ್ಲಿ ಒಂದು ದಪ್ಪ ಮೊಳೆ. ಕಾರಿಗೆ ಬಾಗಿಲಿಲ್ಲ, ಬೀಗವಿಲ್ಲ. ಹಾಗಾಗಿ ಮುರಳೀಧರ ಎಲ್ಲಿ ಇಳಿದರೂ ಕಿವಿ ಇರುವ ಮೂರು ನಟ್ಟುಗಳನ್ನು ಬೆರಳಲ್ಲೇ ತಿರುಗಿಸಿ, ಸ್ಟೀರಿಂಗನ್ನೇ ಕಳಚಿ, ಬಟ್ಟೆಯ ಚೀಲಕ್ಕೆ ಹಾಕಿಕೊಂಡು ನಡೆಯುತ್ತಿದ್ದರು. ತರಕಾರಿ ತರಲಿಕ್ಕೂ ಚೀಲ, ಸ್ಟೀರಿಂಗಿಗೂ ಅದೇ ಚೀಲ. ಮನೆಗೆ ಬಂದರೆ ಅದು ಮೊಳೆಗೆ. ಸುಣ್ಣದ ಗೋಡೆಯ ಮೇಲೆ ಅದರ ಎಣ್ಣೆಜಿಡ್ಡು ದುಂಡಗೆ ಕೂತುಬಿಟ್ಟಿತ್ತು.

ಮಹಂತೇಶ್ ಕೈಯಲ್ಲಿದ್ದ ಸ್ಟೀರಿಂಗನ್ನು ಆ ಕಲೆಯ ಮೇಲೆ ಹಿಡಿದರು. ಸುತ್ತಲೂ ಎರಡು ಬೆರಳಿನಷ್ಟು ಕಲೆ ಹೊರಗೆ ಉಳಿಯಿತು.

"ಇದು ಅಪ್ಪಂದಲ್ಲ," ಎಂದಳು ಹರಿಣಿ. ಅವಳ ದನಿ ಸಣ್ಣದಾಗಿತ್ತು. "ಅಪ್ಪಂದು ದೊಡ್ಡದು. ಮೇಲ್ಗಡೆ ಹಳದಿ ದಾರ ಸುತ್ತಿತ್ತು. ಚಕ್ರ ನೇರ ಇದೆ ಅಂತ ಗೊತ್ತಾಗೋಕೆ. ಒಂದ್ಸಲ ನಾನು ಉಲ್ಟಾ ತೂಗುಹಾಕಿದ್ದೆ. ಊಟ ಮಾಡ್ತಿದ್ದೋರು ಎಂಜಲು ಕೈಯಲ್ಲೇ ಎದ್ದು ಬಂದು ಸರಿ ಮಾಡಿದ್ರು. ಹಳದಿ ಮೇಲಿರಬೇಕಮ್ಮ, ಅಂದ್ರು. ಅಷ್ಟಕ್ಕೇ ನಾನು ಜಗಳ ಆಡಿದ್ದೆ."

ಮಹಂತೇಶರಿಗೆ ಪೀತಮ್‌ಪುರಾದ ತಮ್ಮ ಮನೆ ನೆನಪಾಯಿತು. ಒಂದು ತಟ್ಟೆ, ಒಂದು ಲೋಟ, ತೊಳೆದು ಬೋರಲು ಹಾಕಲು ಒಂದೇ ಜಾಗ. ಅದನ್ನು ಯಾರಾದರೂ ಅತ್ತಿತ್ತ ಇಟ್ಟರೆ ಅವರಿಗೂ ಸಿಟ್ಟು ಬರುತ್ತಿತ್ತು. ಇಡಲು ಯಾರೂ ಇರಲಿಲ್ಲ, ಅದು ಬೇರೆ ಮಾತು.

ಸ್ಟೀರಿಂಗನ್ನು ಮಗುಚಿದರು. ಹಿಂಬದಿಯಲ್ಲಿ ಅರ್ಧ ಹರಿದ ಚೀಟಿ. ಕರೋಲ್ ಬಾಗ್‌ನ ಒಂದು ಅಂಗಡಿಯ ಹೆಸರು.

"ಚಲೋ," ಎಂದರು. "ಆಟೋ ಹಿಡಿಯೋಣ."

ಹರಿಣಿ ಮನೆಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಕೀಲಿಯನ್ನು ಬ್ಯಾಗಿಗೆ ಹಾಕಿಕೊಂಡಳು. ಆ ಬೀಗಕ್ಕೆ ಎರಡೇ ಕೀಲಿ. ಇನ್ನೊಂದು ಅವಳಪ್ಪನ ಜೇಬಿನಲ್ಲಿ ಹೋಗಿತ್ತು.

ಕರೋಲ್ ಬಾಗ್‌ನ ಬಿಡಿಭಾಗಗಳ ಗಲ್ಲಿಯಲ್ಲಿ ಸೈಕಲ್ ರಿಕ್ಷಾಗಳ ನಡುವೆ ಮೈ ಹಿಂಡಿಕೊಂಡು ನಡೆದರು. ಅಂಗಡಿಯ ಮುದುಕ ಸರ್ದಾರ್‌ಜಿ ಸ್ಟೀರಿಂಗನ್ನು ಕಂಡದ್ದೇ ಕನ್ನಡಕ ಏರಿಸಿದ.

"ನಮ್ಮದೇ ಮಾಲು. ಏನು, ಸರಿಹೋಗಲಿಲ್ಲವೇ? ನಾನು ಅವತ್ತೇ ಹೇಳಿದ್ದೆ, ಗಾಡಿ ತಂದು ತೋರಿಸಿ ಅಂತ."

"ಯಾರಿಗೆ ಹೇಳಿದಿರಿ?"

"ನಿಮ್ಮ ಕಡೆಯವರೇ ಯಾರೋ. ಹಿಂದಿಯನ್ನು ನಿಮ್ಮ ಹಾಗೇ ಮುರೀತಿದ್ದರು. ಎತ್ತರದ ಆಸಾಮಿ, ಹೊಟ್ಟೆ ಇಷ್ಟು ಮುಂದೆ. ಲೋಹ್ಡಿ, ನಿಮ್ಮ ಸಂಕ್ರಾಂತಿ, ಆದ ಎರಡು ಮೂರು ದಿನಕ್ಕೆ ಬಂದಿದ್ದರು. ಗಾಡಿ ತರೋಕಾಗಲ್ಲ, ತೂತಿನ ಅಳತೆ ತಂದಿದ್ದೀನಿ ಅಂತ ರಟ್ಟು ಕೊಟ್ಟರು." ಅವನು ಹಿಂದಿನ ಗೋಡೆಯ ತಂತಿಯಲ್ಲಿ ಪೋಣಿಸಿದ್ದ ಕಾಗದಗಳನ್ನು ಕೆದಕತೊಡಗಿದ. "ಇಂಥ ವಿಚಿತ್ರ ಗಾಡಿಗಳ ನಮೂನೆ ನಾನು ಬಿಸಾಡುವುದಿಲ್ಲ. ಇಗೋ."

ಕೈಯಗಲದ ದಪ್ಪ ರಟ್ಟು. ಮೇಲೆ ಪೆನ್ಸಿಲಿನಲ್ಲಿ ಗುಂಡು ಗೆರೆ, ಅದರೊಳಗೆ ಮೂರು ತೂತು. ಮಹಂತೇಶ್ ಅದನ್ನು ತಿರುಗಿಸಿದರು.

ಹಿಂದೆ ಚಿನ್ನದ ಬಣ್ಣದ ಗಣಪತಿಯ ಕಾಲು. ಅದರ ಕೆಳಗೆ ಮುದ್ದಾದ ಕನ್ನಡ ಅಕ್ಷರ. 'ಚಿ|| ರಾ|| ರಜತ್'.

ಸರ್ದಾರ್‌ಜಿಗೆ ಅದು ಬರೀ ರಟ್ಟು. ಮಹಂತೇಶರ ಮನೆಯಲ್ಲಿ ಅಂಥದೇ ಇಡಿಯ ಕಾರ್ಡು ಇತ್ತು. ನವೆಂಬರಿನಲ್ಲಿ ಮೈಸೂರಿನಲ್ಲಿ ನಡೆದ ಮದುವೆಗೆ ದೆಹಲಿಯ ಕನ್ನಡದವರಿಗೆಲ್ಲ ಹಂಚಿದ್ದ ಲಗ್ನಪತ್ರಿಕೆ. ನಮ್ಮ ಮನೆಗಳಲ್ಲಿ ಮದುವೆ ಮುಗಿದರೂ ಪತ್ರಿಕೆ ಮುಗಿಯುವುದಿಲ್ಲ. ಐನೂರು ಬೇಕಾದಲ್ಲಿ ಏಳುನೂರು ಅಚ್ಚು ಹಾಕಿಸಿ, ಮಿಕ್ಕಿದ್ದರ ಮೇಲೆ ವರ್ಷಗಟ್ಟಲೆ ದಿನಸಿ ಪಟ್ಟಿ ಬರೆಯುತ್ತೇವೆ, ಹಾಲಿನ ಲೋಟ ಮುಚ್ಚುತ್ತೇವೆ, ಅಳತೆ ತೆಗೆಯುತ್ತೇವೆ.

"ರಜತ್?" ಹರಿಣಿ ಓದಿದಳು, ಅಕ್ಷರ ಕೂಡಿಸಿ. "ರಜತ್ ಭೈಯಾ? ಮತಲಬ್, ಅಂದ್ರೆ... ಜಗನ್ನಾಥ್ ಅಂಕಲ್?"

ಜಗನ್ನಾಥ ಮುರಳೀಧರರ ಮೇಲಿನ ಮಹಡಿಯಲ್ಲಿದ್ದವರು. ಅದೇ ಇಲಾಖೆ, ಪಕ್ಕದ ಮೇಜು. ಒಂಬತ್ತು ವರ್ಷ ಪ್ರತಿ ಭಾನುವಾರ ಆ ಶೆಡ್ಡಿನಲ್ಲಿ ಟಾರ್ಚು ಹಿಡಿದು ನಿಂತವರು. ನಿನ್ನೆ ಟೆಂಪೋ ಬಂದಾಗ ಈ ಸ್ಟೀರಿಂಗಿನ ಮೇಲೆಯೇ ಕೈಯಾಡಿಸಿ, "ಎಲ್ಲ ಅವನು ಬಿಟ್ಟ ಹಾಗೇ ಇದೆ," ಎಂದು ಕಣ್ಣೊರೆಸಿಕೊಂಡಿದ್ದರು.

ವಾಪಸು ಬರುವಾಗ ಆಟೋದಲ್ಲಿ ಹರಿಣಿ ರಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಅಮ್ಮ ಹೋದಾಗ ಮೂರು ದಿನ ಊಟ ತಂದುಕೊಟ್ಟದ್ದು ಆ ಮನೆಯವರೇ ಎಂದು ಮಹಂತೇಶರಿಗೆ ಗೊತ್ತಿತ್ತು.

ಐದೂಕಾಲಿಗೆ ಆಫೀಸಿನ ಬಸ್ಸಿಳಿದ ಜಗನ್ನಾಥರನ್ನು ಮಹಂತೇಶ್ ಓಣಿಯ ಬಾಯಿಯಲ್ಲೇ ಹಿಡಿದರು. ಹೆಗಲಿನ ಚೀಲ ಇಳಿಸಲೂ ಬಿಡದೆ ಶೆಡ್ಡಿಗೆ ಕರೆದೊಯ್ದರು. ಹರಿಣಿಗೆ ಹೊರಗಿರಲು ಕಣ್ಣಲ್ಲೇ ಹೇಳಿದರು.

"ಏನು ವಿಷಯ, ಮಹಂತೇಶ್ ಅವರೇ? ಏನಾದ್ರೂ ಗೊತ್ತಾಯ್ತಾ?"

ಮಹಂತೇಶ್ ರಟ್ಟನ್ನು ಬಾನೆಟ್ಟಿನ ಮೇಲಿಟ್ಟರು. ಗಣಪತಿಯ ಕಾಲು ಮೇಲೆ.

ಜಗನ್ನಾಥ ಅದನ್ನು ನೋಡಿದರು. ಹೆಗಲಿನ ಚೀಲ ತಾನಾಗಿಯೇ ಜಾರಿ ಕೆಳಗೆ ಬಿತ್ತು.

"ಮಗನ ಲಗ್ನಪತ್ರಿಕೆ ಕತ್ತರಿಸಿ ಅಳತೆ ತೆಗೆದಿರಿ. ಬೇರೆ ಸ್ಟೀರಿಂಗು ಕೊಂಡಿರಿ. ಈ ಕಾರನ್ನ ಓಡಿಸಿಕೊಂಡು ಹೋಗಿ ಹೊಂಡದ ದಡದಲ್ಲಿ ನಿಲ್ಲಿಸಿದಿರಿ. ಮುರಳೀಧರ ಎಲ್ಲಿ?"

"ಓಡಿಸಿಕೊಂಡು ಹೋಗಿ?"

ಜಗನ್ನಾಥ ನಗಲು ಹೋದರು, ಆಗಲಿಲ್ಲ. ಕಾರಿನ ಬಲಬದಿಗೆ ಬಂದು ಒಂದು ಕಾಲೆತ್ತಿ ಒಳಗಿಟ್ಟರು. ಇನ್ನೊಂದು ಕಾಲು ಬರಲಿಲ್ಲ. ಮೊಣಕಾಲು ಫೈಬರಿಗೆ ಒತ್ತಿತು, ಹೊಟ್ಟೆ ಅಂಚಿಗೆ ಸಿಕ್ಕಿಕೊಂಡಿತು. ಸೀಟು ಹಿಂದೆ ಸರಿಯುವಂತಿರಲಿಲ್ಲ. ಮುರಳೀಧರ ಅದನ್ನು ತನ್ನ ಐದಡಿ ಮೂರಿಂಚಿನ ಅಳತೆಗೆ ನೆಲಕ್ಕೇ ಬೋಲ್ಟು ಹಾಕಿ ಕೂರಿಸಿದ್ದರು. ಸರಿಯುವ ಕಂಬಿಗಳನ್ನು ಭಾರವೆಂದು ಎಂದೋ ತೆಗೆದುಹಾಕಿದ್ದರು.

"ನೋಡಿದ್ರಲ್ಲ," ಎಂದರು ಜಗನ್ನಾಥ, ಕಾಲು ಬಿಡಿಸಿಕೊಳ್ಳುತ್ತ. "ಒಂಬತ್ತು ವರ್ಷ ಇದರ ನಟ್ಟು ಬೋಲ್ಟು ಹಿಡಿದುಕೊಟ್ಟೆ. ಒಂದು ದಿನ ಕೂತಿಲ್ಲ. ಈ ಕಡೆ ನಾನು ಹಿಡಿಸಲ್ಲ. ಆ ಕಡೆ ಪದ್ಮಮ್ಮನ ಜಾಗ. ಅವನು ಕೂತ್ಕೋ ಅನ್ನಲಿಲ್ಲ, ನಾನೂ ಕೇಳಲಿಲ್ಲ."

ಮಹಂತೇಶರ ಲೆಕ್ಕ ಬುಡಮೇಲಾಗಿತ್ತು. ಆದರೂ ಬಿಡಲಿಲ್ಲ. "ಹಾಗಾದರೆ ಸ್ಟೀರಿಂಗು ಯಾಕೆ?"

ಜಗನ್ನಾಥ ತಗಡಿನ ಡಬ್ಬದ ಮೇಲೆ ಕುಸಿದು ಕೂತರು.

"ಸೋಮವಾರ ಹತ್ತು ಗಂಟೆಗೆ ಆಫೀಸಿನ ಫೋನಿಗೆ ಅವನೇ ಮಾಡಿದ."

"ಯಾವ ಸೋಮವಾರ?"

"ಸಂಕ್ರಾಂತಿ ಮಾರನೇ ದಿನ."

ಶೆಡ್ಡಿನ ಹೊರಗೆ ಚಪ್ಪಲಿಯ ಸಪ್ಪಳ ನಿಂತಿತು. ಮಹಂತೇಶರಿಗೆ ಕೇಳಿಸಿತು. ಜಗನ್ನಾಥರಿಗೆ ಕೇಳಿಸಲಿಲ್ಲ.

"ಏನು ಹೇಳಿದ? ಒಂದಕ್ಷರ ಬಿಡದೆ ಹೇಳಿ."

"ಗಾಡಿ ಕ್ವಾರಿ ಹತ್ರ ಇದೆ ಜಗನ್ನಾಥ, ಇಬ್ಬನಿ ಬಿದ್ದು ಹಾಳಾಗತ್ತೆ, ಹೋಗಿ ಹೊದಿಕೆ ಹಾಕಿ ಬಾ. ಸ್ಟೀರಿಂಗು ನನ್ನ ಹತ್ರಾನೇ ಇದೆ. ಹರಿಣಿಗೆ ಏನೂ ಹೇಳಬೇಡ, ಹೆದರ್ತಾಳೆ. ಅಷ್ಟು ಹೇಳಿದ. ಹಿಂದಿನಿಂದ ಯಾರೋ, ಬಸ್, ಹೋ ಗಯಾ, ಸಾಕು ಅನ್ನೋ ಹಾಗೆ ಅಂದ್ರು. ಫೋನು ಕಟ್ಟಾಯ್ತು."

"ನೀವು ಹೋದಿರಿ."

"ಹೋದೆ. ಹೊದಿಕೆ ಹಾಕಿದೆ. ಆದರೆ ಮನಸ್ಸು ತಡೀಲಿಲ್ಲ. ಅಂಥ ಕಡೆ ಇದನ್ನ ಬಿಟ್ಟು ಹೇಗೆ ಬರೋದು? ಸ್ಟೀರಿಂಗೊಂದು ಇದ್ರೆ ಯಾರನ್ನಾದ್ರೂ ಕರ್ಕೊಂಡು ಬಂದು ಮನೆಗೆ ತರಬಹುದು ಅನ್ನಿಸ್ತು. ಜೇಬಲ್ಲಿ ರಜತನ ಪತ್ರಿಕೆ ಇತ್ತು, ಅದರ ಮೇಲೇ ಅಳತೆ ತಗೊಂಡೆ. ಮಂಗಳವಾರ ಕೊಂಡುಕೊಂಡು ಹೋಗಿ ಕೂರಿಸಿದೆ. ಮುರಳಿಯ ನಟ್ಟು ಅವನ ಹತ್ರಾನೇ ಇತ್ತಲ್ಲ, ಮನೇಲಿದ್ದ ಬೇರೆ ನಟ್ಟು ಹಾಕಿದೆ. ಬುಧವಾರ ಡ್ರೈವರ್ ಹುಡುಕೋಣ ಅಂದುಕೊಂಡೆ. ಅಷ್ಟರಲ್ಲಿ ಪೊಲೀಸರಿಗೆ ಸಿಕ್ಕಿತ್ತು."

"ಫೋನ್ ಬಂದಿತ್ತು ಅಂತ ಅವರಿಗೆ ಯಾಕೆ ಹೇಳಲಿಲ್ಲ?"

"ಹೆದರಿಕೆ." ಜಗನ್ನಾಥ ತಲೆ ತಗ್ಗಿಸಿದರು. "ಕಾರಿನ ತುಂಬ ನನ್ನ ಕೈಗುರುತು. ರಿಟೈರ್‌ಮೆಂಟಿಗೆ ಎಂಟು ತಿಂಗಳು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ತಳ್ಳಿದೆ. ಆಮೇಲೆ ಅವರೇ ಮುಳುಗಿದ್ದಾನೆ ಅಂದುಬಿಟ್ಟರು. ಇನ್ನು ಹೇಳಿದ್ರೆ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅಂತ ಕೇಳೋದಿಲ್ವೇ?"

ಮಹಂತೇಶರಿಗೆ ರೇಗಿತು. ಜೀವನದಲ್ಲಿ ಎಷ್ಟೋ ಸುಳ್ಳುಗಾರರನ್ನು ಕಂಡಿದ್ದರು. ಇಂಥ ಒಳ್ಳೆಯ ಮನುಷ್ಯರ ಮೇಲೆ ಬರುವಷ್ಟು ಸಿಟ್ಟು ಅವರ ಮೇಲೂ ಬಂದಿರಲಿಲ್ಲ.

"ನೀವು ಏನು ಮಾಡಿದ್ದೀರಿ ಗೊತ್ತಾ, ಜಗನ್ನಾಥ ಅವರೇ? ಮುರಳೀಧರ ಇಳಿದಾಗ ಈ ಕಾರಿಗೆ ಸ್ಟೀರಿಂಗೇ ಇರಲಿಲ್ಲ. ಚೀಲಕ್ಕೆ ಹಾಕಿಕೊಂಡು ಹೋಗಿದ್ದರು. ಸಾಯೋಕೆ ಹೋಗೋನು ಸ್ಟೀರಿಂಗು ಎತ್ತಿಕೊಂಡು ಹೋಗ್ತಾನಾ? ವಾಪಸು ಬರೋನು ಎತ್ತಿಕೊಂಡು ಹೋಗೋದು. ಬೋಳು ಸ್ಟೀರಿಂಗ್ ಕಂಬ ಕಂಡಿದ್ರೆ ಯಾವ ಕಾನ್‌ಸ್ಟೇಬಲ್ ಆದ್ರೂ ನಿಂತು ಕೇಳ್ತಿದ್ದ. ಅವರು ಬದುಕಿದ್ದಾರೆ ಅನ್ನೋಕೆ ಇದ್ದದ್ದು ಅದೊಂದೇ ಸಾಕ್ಷಿ. ಅದನ್ನ ನೀವು ದುಡ್ಡು ಕೊಟ್ಟು, ನಟ್ಟು ಹಾಕಿ ಮುಚ್ಚಿದಿರಿ."

ಜಗನ್ನಾಥ ತಮ್ಮ ಅಂಗೈ ನೋಡಿಕೊಂಡರು. "ನನ್ನ ಕೈಯಾರೆ," ಎಂದರು.

ಹರಿಣಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು.

ಅವಳು ಕೂಗಾಡುತ್ತಾಳೆಂದು ಮಹಂತೇಶ್ ಸಿದ್ಧರಾಗಿದ್ದರು. ಅವಳು ಕೂಗಲಿಲ್ಲ. ಕಾರಿನ ಎಡಬದಿಗೆ ಬಂದು ಸೀಟಿನ ಪ್ಲಾಸ್ಟಿಕ್ಕಿನ ಮೇಲೆ ಅಂಗೈ ಇಟ್ಟಳು.

"ಅಪ್ಪ ಸೋಮವಾರ ಇದ್ರು," ಎಂದಳು. "ಸಂಡೇ ನಾನು ಫೋನ್ ಎತ್ತಿಲ್ಲ, ಅದಕ್ಕೇ ಹೋಗಿಬಿಟ್ರು ಅಂತ... ಅಂಕಲ್, ಮೂರು ವಾರದಿಂದ ನಾನು ಸರಿಯಾಗಿ ಉಸಿರಾಡಿಲ್ಲ. ಸೋಮವಾರಾನೂ ಇದ್ರು. ಮಂಜು ಬೀಳತ್ತೆ ಅಂತ ಚಿಂತೆ ಮಾಡ್ತಿದ್ರು."

ಆಮೇಲೆ ಜಗನ್ನಾಥರ ಕಡೆ ತಿರುಗಿದಳು. "ಅಪ್ಪ ಹೋದಾಗಿನಿಂದ ನಾನಿಲ್ಲೇ ಇದ್ದೀನಿ. ನೀವು ಮೆಟ್ಟಿಲ ಮೇಲೆ ದಿನಾ ನನ್ನ ನೋಡ್ತಿದ್ರಿ ಅಂಕಲ್. ದಿನಾ."

ಜಗನ್ನಾಥ ಬಿದ್ದ ಚೀಲವನ್ನು ಎತ್ತಿಕೊಳ್ಳಲು ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

"ಶುಕ್ರವಾರ ಸಹಿ ಇಲ್ಲ," ಎಂದರು ಮಹಂತೇಶ್, ಹರಿಣಿಯ ಭುಜ ಮುಟ್ಟಿ. "ನಾಳೆ ಬೆಳಿಗ್ಗೆ ಇವರನ್ನ ಠಾಣೆಗೆ ಕರ್ಕೊಂಡು ಹೋಗೋಣ. ಆ ಫೋನು ಎಲ್ಲಿಂದ ಬಂತು ಅಂತ ಅವರು ಹುಡುಕಲಿ. ಈಗ ನಡಿ, ಬೆಳಿಗ್ಗೆಯಿಂದ ನೀನು ಒಂದು ತುತ್ತೂ ತಿಂದಿಲ್ಲ."

ಇಬ್ಬರೂ ಓಣಿ ಸುತ್ತಿ ಮುಂದೆ ಬಂದರು. ಬೇವಿನ ಮರದ ಕೆಳಗೆ ಇಸ್ತ್ರಿಯವ ಗಾಡಿ ಮುಚ್ಚುತ್ತಿದ್ದ. ಆಫೀಸಿನಿಂದ ಬಂದವರ ಮನೆಗಳಲ್ಲಿ ಒಂದೊಂದಾಗಿ ದೀಪ ಹತ್ತುತ್ತಿತ್ತು, ಕುಕ್ಕರ್ ಕೂಗುತ್ತಿತ್ತು. ಆ ಹೊತ್ತಿನಲ್ಲಿ ದೀಪವಿಲ್ಲದ ಮನೆಗೆ ಹೋಗುವ ಸಂಕಟ ಏನೆಂದು ಮಹಂತೇಶರಿಗೆ ಹೇಳಿಕೊಡಬೇಕಿರಲಿಲ್ಲ. ಹಾಗೆಂದೇ ಹರಿಣಿಗಿಂತ ಎರಡು ಹೆಜ್ಜೆ ಮುಂದೆ ನಡೆದರು.

ಬೀಗ ಹಾಕಿದ ಹಾಗೇ ಇತ್ತು. ಹರಿಣಿ ಕೀಲಿ ತಿರುಗಿಸಿ, ಕೈ ಚಾಚಿ ಹಜಾರದ ದೀಪ ಹಾಕಿದಳು.

ಮೊಳೆಗೆ ಸ್ಟೀರಿಂಗು ತೂಗುತ್ತಿತ್ತು.

ದೊಡ್ಡದು. ಹಳೆಯದು. ಕೈಯಲ್ಲೇ ಹೊಲಿದ ಕಪ್ಪು ಚರ್ಮ, ಹಿಡಿದು ಹಿಡಿದು ಹೊಳಪು ಬಂದದ್ದು. ಗೋಡೆಯ ಕಲೆಯ ಮೇಲೆ ಅದು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತ್ತು. ಮಧ್ಯಾಹ್ನ ಅಲ್ಲಿ ಬರೀ ಮೊಳೆ ಇತ್ತು.

"ಅಪ್ಪಾ," ಎಂದಳು ಹರಿಣಿ. ಕೋಣೆಗೆ ಓಡಿದಳು, ಅಡುಗೆಮನೆಗೆ ಓಡಿದಳು, ಬಚ್ಚಲಿನ ಬಾಗಿಲು ತಳ್ಳಿದಳು. ಯಾರೂ ಇರಲಿಲ್ಲ. ಆದರೂ ಹಿಂದಿರುಗಿದಾಗ ಅವಳ ಮುಖದಲ್ಲಿ ಮಹಂತೇಶ್ ಈ ಮೂರು ವಾರಗಳಲ್ಲಿ ಕಾಣದ ಕಳೆಯಿತ್ತು. ಕಣ್ಣೀರು ಸುರಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ಗೊಡವೆಯೂ ಅವಳಿಗಿರಲಿಲ್ಲ.

"ಬಂದಿದ್ರು ಅಂಕಲ್. ಕೀಲಿ ಅವರ ಹತ್ರಾನೇ ಇತ್ತಲ್ಲ. ನಾವಿಲ್ಲ ಅಂತ ಎಲ್ಲೋ ಹೊರಗೆ ಹೋಗಿರ್ತಾರೆ. ಹಾಲು ತರೋಕೆ. ಪಕ್ಕಾ ಹಾಲು ತರೋಕೇ. ಮನೆಗೆ ಬಂದ್ರೆ ತಾನೇ ಇದನ್ನ ಮೊಳೆಗೆ ಹಾಕೋದು?"

"ಹೌದಮ್ಮ," ಎಂದರು ಮಹಂತೇಶ್.

"ಅನ್ನ ಇಡ್ತೀನಿ. ಮೂರು ಜನಕ್ಕೆ. ನೀವೂ ಇಲ್ಲೇ ಊಟ ಮಾಡಿ." ಅಡುಗೆಮನೆಯಿಂದ ಡಬ್ಬಗಳ ಸದ್ದು, ನಲ್ಲಿಯ ಸದ್ದು, ಅಕ್ಕಿ ತೊಳೆಯುವ ಸದ್ದು ಬಂತು. ಆ ಮನೆಯಲ್ಲಿ ಮೂರು ಜನಕ್ಕೆ ಅನ್ನ ಇಟ್ಟು ಎಷ್ಟು ವರ್ಷವಾಗಿತ್ತೋ.

ಮಹಂತೇಶ್ ಗೋಡೆಯ ಮುಂದಿನಿಂದ ಕದಲಲಿಲ್ಲ. ಒಳಗೆ ಹರಿಣಿ ಸಣ್ಣಗೆ ಏನನ್ನೋ ಗುನುಗುತ್ತಿದ್ದಳು. ಅವಳು ಹೊರಬಂದು ಇನ್ನೊಮ್ಮೆ ಇದನ್ನು ನೋಡುವ ಮೊದಲು ತಿರುಗಿಸಿ ಸರಿಮಾಡಿಬಿಡಲೇ ಎಂದು ಕೈ ಎತ್ತಿದರು. ಬೇರೆಯವರ ಬೆರಳ ಗುರುತು ಇರಬಹುದೆಂದು ನೆನಪಾಗಿ ಕೈ ಇಳಿಸಿದರು.

ಹಳದಿ ದಾರ ಕೆಳಗಿತ್ತು.